ಕೇಳಿ, ಹೇಳುತ್ತೇವೆ: ಹೊಸ ರೇಜರು, ಹಳೇ ಕೆನ್ನೆ

ಕಾರ್ಟ್ರಿಜ್ ಬಿಟ್ಟು ಎರಡು ಅಂಚಿನ ಬ್ಲೇಡು ಹಾಕುವ ಸೇಫ್ಟಿ ರೇಜರಿಗೆ ಬಂದವರ ಪತ್ರಗಳೇ ಈ ಸಲ ಹೆಚ್ಚು. ಕರಾವಳಿಯವರಿಗೆ ಉಪ್ಪುಗಾಳಿಯ ಕಾಟ, ಘಟ್ಟದ ಮೇಲಿನವರಿಗೆ ಮಳೆಗಾಲದ ಬೂಷ್ಟಿನ ಕಾಟ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ.

ಪ್ರ: ಐದು ಬ್ಲೇಡಿನ ಕಾರ್ಟ್ರಿಜ್ ಬಿಟ್ಟು ಮೂರು ತುಂಡಿನ (ಮುಚ್ಚಳ, ತಟ್ಟೆ, ಹಿಡಿಕೆ) ಸೇಫ್ಟಿ ರೇಜರ್ ತಂದು ವಾರವಾಯಿತು. ಕೆನ್ನೆ ಉರಿಯುತ್ತದೆ, ಕುತ್ತಿಗೆ ತುಂಬ ಕೆಂಪು ಚುಕ್ಕೆ, ಗದ್ದದ ಹತ್ತಿರ ದಿನಾ ಒಂದು ಗಾಯ. ರೇಜರಿನಲ್ಲೇ ದೋಷವಿದೆಯೇ? ಬೇರೆ ಕೊಳ್ಳಬೇಕೇ?
(ಕೋಡಿಬಾಗ, ಕಾರವಾರ)

ಉ: ಬೇರೆ ಕೊಳ್ಳುವುದು ಬೇಡ. ನೀವು ಹೇಳಿದ ಮೂರೂ ಲಕ್ಷಣ ಒಟ್ಟಿಗೆ ಬಂದಿದ್ದರೆ ಕಾರಣ ಬಹುಮಟ್ಟಿಗೆ ಕೈಯ ಒತ್ತಡ. ಕಾರ್ಟ್ರಿಜ್‌ನಲ್ಲಿ ಒತ್ತಿ ಎಳೆದು ರೂಢಿಯಾಗಿರುತ್ತದೆ. ಅಲ್ಲಿ ತಲೆಯೇ ಕೆನ್ನೆಯ ಏರುತಗ್ಗಿಗೆ ತಕ್ಕಂತೆ ತಿರುಗುತ್ತದೆ, ಒತ್ತಿದ ಭಾರ ಐದು ಬ್ಲೇಡಿಗೂ ಕೆಳಗಿನ ರಬ್ಬರು ಪಟ್ಟಿಗೂ ಹಂಚಿಹೋಗುತ್ತದೆ. ಸೇಫ್ಟಿ ರೇಜರಿನ ತಲೆ ತಿರುಗುವುದಿಲ್ಲ, ಚರ್ಮದ ಮೇಲಿರುವುದು ಒಂದೇ ಅಂಚು. ಒತ್ತಿದರೆ ಬ್ಲೇಡಿಗೂ ಅದರ ಕೆಳಗಿನ ಕಂಬಿಗೂ ನಡುವಿನ ಸಂದಿಯೊಳಗೆ ಚರ್ಮ ಉಬ್ಬುತ್ತದೆ. ಈ ಸಂದಿ ಹೆಚ್ಚಿನ ರೇಜರುಗಳಲ್ಲಿ ಅರ್ಧದಿಂದ ಒಂದು ಮಿಲಿಮೀಟರಿನಷ್ಟು. ಉಬ್ಬಿದ ಚರ್ಮದ ಮೇಲ್ಪದರವೂ ಕೂದಲಿನ ಜೊತೆಗೇ ಕೆರೆದುಹೋಗುತ್ತದೆ. ಉರಿ ಅಲ್ಲಿಂದ ಬರುವುದು.

ರೇಜರು ತಾನೇ 60ರಿಂದ 100 ಗ್ರಾಂ ತೂಗುತ್ತದೆ. ಆ ತೂಕ ಸಾಕು, ಕೈ ದಿಕ್ಕು ತೋರಿಸಿದರೆ ಆಯಿತು. ಹಿಡಿಕೆಯ ತಳದ ಕಡೆ ಹೆಬ್ಬೆರಳು ಮತ್ತು ಎರಡು ಬೆರಳಿನಲ್ಲಿ ಹಿಡಿಯಿರಿ. ತಲೆಗೆ ಹತ್ತಿರ ಹಿಡಿದಷ್ಟೂ ಗೊತ್ತಿಲ್ಲದೆ ಒತ್ತುತ್ತೀರಿ. ದವಡೆಯ ಕೆಳಗೆ ರೇಜರು ಮೇಲ್ಮುಖವಾಗಿ ಓಡುವಾಗ ಅದರ ತೂಕ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಮಾತ್ರ ತಲೆ ಚರ್ಮ ಬಿಡದಂತೆ ಹಗುರಾಗಿ ತಾಗಿಸಿಕೊಳ್ಳಬೇಕು.

ಇನ್ನು ಓರೆ. ಹಿಡಿಕೆಯನ್ನು ಕೆನ್ನೆಯಿಂದ ನೇರ ಹೊರಗೆ, ನೆಲಕ್ಕೆ ಸಮನಾಗಿ ಹಿಡಿದು ಮೇಲಿನ ಮುಚ್ಚಳವನ್ನಷ್ಟೇ ಚರ್ಮಕ್ಕೆ ತಾಗಿಸಿ. ಎಳೆದರೆ ಏನೂ ಕತ್ತರಿಸುವುದಿಲ್ಲ. ಎಳೆಯುತ್ತಲೇ ಹಿಡಿಕೆಯನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿ. ಒಂದು ಹಂತದಲ್ಲಿ ಕೂದಲು ಕತ್ತರಿಸುವ ಚರಚರ ಸದ್ದು ಶುರುವಾಗುತ್ತದೆ. ನಿಮ್ಮ ಓರೆ ಅದು, ಅಲ್ಲಿಗೇ ನಿಲ್ಲಿಸಿ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಇರುತ್ತದೆ, ಆದರೆ ಅಳೆಯಲು ಕಿವಿಯೇ ಸಾಕು. ಇನ್ನೂ ಕೆಳಗಿಳಿಸಿದರೆ ಅಂಚು ಚರ್ಮಕ್ಕೆ ಕಡಿದಾಗಿ ನಿಂತು ಕೆರೆಯತೊಡಗುತ್ತದೆ. ಶೇವ್ ಮಾಡುವಾಗ ಫ್ಯಾನು, ನಲ್ಲಿ, ರೇಡಿಯೋ ಎಲ್ಲ ಬಂದ್ ಮಾಡಿ ಎಂದು ನಾವು ಹೇಳುವುದು ಆ ಸದ್ದು ಕೇಳಲಿ ಎಂದೇ.

ಎಳೆತ ಗಿಡ್ಡ ಇರಲಿ: ಎರಡರಿಂದ ಮೂರು ಸೆಂಟಿಮೀಟರು, ಅದಕ್ಕಿಂತ ಹೆಚ್ಚು ಬೇಡ. ಕಿವಿಯಿಂದ ಗದ್ದದವರೆಗೆ ಒಂದೇ ಉಸಿರಿಗೆ ಎಳೆಯುವುದು ಕಾರ್ಟ್ರಿಜ್‌ನ ಚಟ. ಮೂರು ನಾಲ್ಕು ಎಳೆತಕ್ಕೊಮ್ಮೆ ರೇಜರು ತಿರುಗಿಸಿ ಇನ್ನೊಂದು ಅಂಚು ಬಳಸಿ, ಎರಡೂ ತುಂಬಿದ ಮೇಲೆ ನೀರಿನಲ್ಲಿ ಅಲುಗಿಸಿ. ನೊರೆ ಹೋದ ಜಾಗದ ಮೇಲೆ ಒಣಗಿದ್ದಾಗ ರೇಜರು ಮತ್ತೆ ಓಡಿಸಲೇಬಾರದು. ಹೊಸಬರಿಗೆ ಆಗುವ ಉರಿಯಲ್ಲಿ ದೊಡ್ಡ ಪಾಲು ಈ "ಇಲ್ಲೊಂಚೂರು ಉಳಿಯಿತು" ಎನ್ನುವ ಒಣ ಎಳೆತದ್ದು.

ಕುತ್ತಿಗೆಯ ಕೆಂಪು ಚುಕ್ಕೆಗೆ ಬೇರೆ ಕಾರಣವೂ ಉಂಟು. ಕೆನ್ನೆಯ ಕೂದಲು ಕೆಳಮುಖವಾಗಿ ಬೆಳೆಯುತ್ತದೆ. ಕುತ್ತಿಗೆಯಲ್ಲಿ ಅದು ಮೇಲ್ಮುಖವಾಗಿಯೋ ಅಡ್ಡವಾಗಿಯೋ ಇರುತ್ತದೆ, ಗಂಟಲ ಗಡ್ಡೆಯ ಆಚೆ ಈಚೆ ಸುಳಿಯೂ ಇದ್ದೀತು. ಎರಡು ದಿನ ಗಡ್ಡ ಬಿಟ್ಟು ಬೆರಳ ತುದಿಯಿಂದ ನಾಲ್ಕೂ ದಿಕ್ಕಿಗೆ ಸವರಿ ನೋಡಿ. ನುಣುಪಾಗಿ ಜಾರುವ ದಿಕ್ಕೇ ಕೂದಲು ಬೆಳೆದ ದಿಕ್ಕು. ಒಂದು ಚೀಟಿಯ ಮೇಲೆ ಮುಖ ಬರೆದು ಬಾಣದ ಗುರುತು ಹಾಕಿ ಕನ್ನಡಿಗೆ ಅಂಟಿಸಿಕೊಳ್ಳಿ. ಮೊದಲ ಸುತ್ತು ಪೂರ್ತಿ ಆ ದಿಕ್ಕಿನಲ್ಲೇ. ಮತ್ತೆ ನೊರೆ ಹಚ್ಚಿ ಎರಡನೆಯ ಸುತ್ತು ಅಡ್ಡಕ್ಕೆ. ಎದುರು ದಿಕ್ಕಿನ ಮೂರನೆಯ ಸುತ್ತು ಮೊದಲ ತಿಂಗಳು ಬೇಡವೇ ಬೇಡ. ಬಹಳ ಜನಕ್ಕೆ ಅದು ಎಂದೂ ಬೇಕಾಗುವುದಿಲ್ಲ.

ಗದ್ದದ ಗಾಯ ಉಬ್ಬಿನ ಮೇಲೆ ಓರೆ ತಪ್ಪುವುದರಿಂದ. ಕೆಳತುಟಿಯನ್ನು ಹಲ್ಲಿನ ಮೇಲೆ ಮಡಚಿ ಒಳಕ್ಕೆಳೆದುಕೊಂಡರೆ ಗದ್ದ ಚಪ್ಪಟೆಯಾಗುತ್ತದೆ. ಮೂಗಿನ ಕೆಳಗೆ ಮೇಲ್ತುಟಿಯನ್ನೂ ಹೀಗೇ ಕೆಳಗೆಳೆಯಿರಿ. ದವಡೆಯ ಮೂಳೆಯ ಮೇಲೆ ರೇಜರು ಓಡಿಸುವ ಬದಲು ಚರ್ಮವನ್ನೇ ಬೆರಳಿನಿಂದ ಮೂಳೆಯ ಮೇಲಕ್ಕೆ ಸರಿಸಿಕೊಂಡು ಕೆನ್ನೆಯ ಸಪಾಟಿನಲ್ಲಿ ಶೇವ್ ಮಾಡಿ.

ಇದೆಲ್ಲಕ್ಕೂ ಮೊದಲು ಗಡ್ಡ ನೆನೆದಿರಬೇಕು. ಕೂದಲು ನೀರು ಹೀರಿ ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು. ಸ್ನಾನವಾದ ಮೇಲೆ ಶೇವ್ ಮಾಡುವುದು ಸುಲಭದ ದಾರಿ. ಬಚ್ಚಲ ಹಂಡೆಯ ನೀರು ಕುದಿಯುವಷ್ಟಿದ್ದರೆ ಮುಖಕ್ಕೆ ಬೇಡ, ಕೈ ಅದ್ದಿದರೆ ಹಿತವೆನಿಸುವ ಬಿಸಿ ಸಾಕು. ತೀರ ಬಿಸಿ ನೀರು ಚರ್ಮದ ಜಿಡ್ಡು ತೊಳೆದು ಉರಿ ಹೆಚ್ಚಿಸುತ್ತದೆ.

ಈ ಎರಡು ವಾರ ಬ್ಲೇಡಿನ ಬಗೆ, ಕ್ರೀಮು, ಬ್ರಷ್ಷು ಯಾವುದನ್ನೂ ಬದಲಿಸಬೇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ಯಾವ ಪಂಡಿತನೂ ಹೇಳಲಾರ.

ಪ್ರ: ಒಂದು ಬದಿಯಲ್ಲಿ ಚೆನ್ನಾಗಿ ಹೋಗುತ್ತದೆ, ಇನ್ನೊಂದು ಬದಿ ಪರಚುತ್ತದೆ. ಬ್ಲೇಡು ಹೊಸದು.
(ಅಂಕೋಲಾ)

ಉ: ಬ್ಲೇಡು ಓರೆ ಕೂತಿದೆ. ಮುಚ್ಚಳವನ್ನು ಅಂಗಾತ ಅಂಗೈಯಲ್ಲಿಟ್ಟು ಬ್ಲೇಡಿನ ಗಿಡ್ಡ ತುದಿಗಳನ್ನು ಹಿಡಿದು ಮೊಳೆಗಳ ಮೇಲೆ ಕೂರಿಸಿ. ಉದ್ದದ ಅಂಚನ್ನು ಮುಟ್ಟಬಾರದು. ಅದರ ಮೇಲೆ ತಟ್ಟೆ. ತಟ್ಟೆಯ ಕಂಬಿಯ ಅಂಚು ಬ್ಲೇಡಿನ ಕಡೆಗೇ ಇರಬೇಕು. ತಟ್ಟೆ ತಿರುಗುಮುರುಗಾದರೆ ಬ್ಲೇಡು ಸರಿಯಾಗಿ ಬಾಗುವುದಿಲ್ಲ, ಅಂಥ ರೇಜರನ್ನು ಮುಖಕ್ಕೆ ತರಬೇಡಿ. ಆಮೇಲೆ ಮುಚ್ಚಳ ಮತ್ತು ತಟ್ಟೆಯನ್ನು ಗಿಡ್ಡ ತುದಿಗಳಲ್ಲಿ ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಹಿಡಿಕೆ ತಿರುಗಿಸಿ. ಒತ್ತದೆ ತಿರುಗಿಸಿದರೆ ಕೊನೆಯ ಅರ್ಧ ಸುತ್ತಿನಲ್ಲಿ ಬ್ಲೇಡು ಹಿಡಿಕೆಯ ಜೊತೆ ಕೂದಲೆಳೆಯಷ್ಟು ತಿರುಗಿಬಿಡುತ್ತದೆ. ಮೊಳೆ ಮತ್ತು ಬ್ಲೇಡಿನ ತೂತಿನ ನಡುವೆ ಅಷ್ಟು ಸಡಿಲ ಇದ್ದೇ ಇರುತ್ತದೆ.

ಬೆಳಕಿಗೆ ಹಿಡಿದು ತಲೆಯನ್ನು ಮುಚ್ಚಳದ ಕಡೆಯಿಂದ ನೇರ ನೋಡಿ: ಎರಡೂ ಬದಿಯಲ್ಲಿ ಬ್ಲೇಡಿನ ಬೆಳ್ಳಿಗೆರೆ ಒಂದೇ ಅಗಲ ಕಾಣಬೇಕು, ಒಂದು ತುದಿ ದಪ್ಪ ಇನ್ನೊಂದು ತುದಿ ಸಪೂರ ಇರಬಾರದು. ತಪ್ಪಿದ್ದರೆ ಸಡಿಲಿಸಿ ಮತ್ತೆ ಕೂರಿಸಿ. ಬ್ಲೇಡಿನ ದಪ್ಪ ಬರೀ 0.1 ಮಿಲಿಮೀಟರು, ಆದ್ದರಿಂದ ಈ ಸಣ್ಣ ವ್ಯತ್ಯಾಸವೇ ಮುಖದ ಮೇಲೆ ದೊಡ್ಡದಾಗುತ್ತದೆ. ಬ್ಲೇಡಿನ ಮೇಲೆ ಮೇಣದ ಚುಕ್ಕೆ ಅಂಟಿದ್ದರೆ ಹೆದರಬೇಡಿ, ಕಾಗದದಲ್ಲಿ ಅಲುಗಾಡದಿರಲಿ ಎಂದು ಕೆಲವರು ಹಾಕುತ್ತಾರೆ. ಬಿಸಿ ನೀರಿಗೆ ಹೋಗುತ್ತದೆ.

ಹಿಡಿಕೆ ಸ್ವಲ್ಪ ಸಡಿಲ ಬಿಟ್ಟರೆ ಬ್ಲೇಡು ಮೃದುವಾಗುತ್ತದೆಯೇ ಎಂದೂ ಇಬ್ಬರು ಕೇಳಿದ್ದಾರೆ. ಮೂರು ತುಂಡಿನದರಲ್ಲಿ ಆಗುವುದಿಲ್ಲ. ಬಿಗಿ ತಪ್ಪಿದ ಬ್ಲೇಡು ನಡುಗುತ್ತದೆ, ಗಾಯ ಹೆಚ್ಚುತ್ತದೆ. ಆ ಅನುಕೂಲ ಬೇಕಿದ್ದರೆ ತಿರುಪಿನಲ್ಲಿ ಅಂಕಿ ಇರುವ, ಹೊಂದಿಸಿಕೊಳ್ಳುವ ರೇಜರೇ ಬೇರೆ ಬರುತ್ತದೆ.

ಪ್ರ: ಯಾವ ಬ್ಲೇಡು ಒಳ್ಳೆಯದು? ಒಂದು ಬ್ಲೇಡು ಎಷ್ಟು ದಿನ ಬರಬೇಕು?
(ಶಿರಸಿ)

ಉ: ಎಲ್ಲರಿಗೂ ಒಳ್ಳೆಯದಾದ ಬ್ಲೇಡು ಇಲ್ಲ. ಜಪಾನಿನ ಫೆದರ್ ಬಹಳ ಹರಿತ, ಕಲಿಯುವ ಕೈಗೆ ನಾವು ಹೇಳುವುದಿಲ್ಲ. ಕಿರಾಣಿ ಅಂಗಡಿಯಲ್ಲೇ ಸಿಗುವ ಸೆವೆನ್ ಓ ಕ್ಲಾಕ್, ಟೋಪಾಜ್, ಸೂಪರ್‌ಮ್ಯಾಕ್ಸ್, ವಿಲ್ಕಿನ್ಸನ್‌ಗಳಲ್ಲಿ ಎರಡು ಬಗೆ ತಂದು ಒಂದೊಂದು ಪಾಕೀಟು ಮುಗಿಸಿ ನೋಡಿ. ಒಂದೇ ಶೇವಿಗೆ ತೀರ್ಪು ಕೊಡಬೇಡಿ. ಕೆಲವು ಬ್ಲೇಡು ಮೊದಲ ದಿನ ಒರಟಾಗಿದ್ದು ಎರಡನೆಯ ದಿನ ಸರಿಹೋಗುತ್ತವೆ.

ಲೆಕ್ಕ ಹೇಳಬೇಕೆಂದರೆ ಮೂರರಿಂದ ಏಳು ಶೇವ್, ಒರಟು ಗಡ್ಡದವರಿಗೆ ಮೂರೇ. ಅಂಚು ಸವೆಯುವುದಕ್ಕಿಂತ ಚಕ್ಕೆ ಏಳುವುದೇ ಹೆಚ್ಚು. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಆದರೂ ಕೂದಲು ಬಾಗಿ ಓರೆಯಾಗಿ ಸಿಕ್ಕಿದಾಗ, ಉಕ್ಕಿನ ರಚನೆ ಒಂದೇ ಸಮ ಇಲ್ಲದ ಕಡೆ ಅಂಚಿನಿಂದ ಚೂರು ಹಾರುತ್ತದೆ. ಗಡ್ಡ ನೆನೆಸಿ ಎನ್ನುವುದಕ್ಕೆ ಇನ್ನೊಂದು ಕಾರಣ ಇದು. ಕೂದಲನ್ನು ಕತ್ತರಿಸುವ ಬದಲು ಜಗ್ಗಿದ ಹಾಗೆ ಅನಿಸಿದ ಕ್ಷಣ ಬ್ಲೇಡು ತೆಗೆದುಬಿಡಿ. ಅದರಲ್ಲಿ ಇನ್ನೊಂದು ದಿನ ಉಳಿಸಿದರೆ ಉಳಿಯುವುದು ಎರಡೋ ಮೂರೋ ರೂಪಾಯಿ.

ಬ್ಲೇಡನ್ನು ಟವೆಲಿನಿಂದ ಒರೆಸುವವರಿದ್ದಾರೆ. ಅಂಚಿನ ಮೇಲೆ ಟೆಫ್ಲಾನಿನಂಥ ತೆಳು ಲೇಪ ಇರುತ್ತದೆ, ಒರೆಸಿದರೆ ಅದೂ ಹೋಯಿತು, ಅಂಚೂ ಹೋಯಿತು.

ಪ್ರ: ವಾರಕ್ಕೊಮ್ಮೆ ಮಾತ್ರ ದಾಡಿ ಮಾಡಿಕೊಳ್ಳುವವನು ನಾನು. ಕೂದಲು ರೇಜರಿಗೆ ಸಿಕ್ಕಿಕೊಳ್ಳುತ್ತದೆ.
(ದಾಂಡೇಲಿ)

ಉ: ನಿಮ್ಮದು ಬಹುಶಃ ನೇರ ಕಂಬಿಯ ರೇಜರು. ಉದ್ದ ಕೂದಲಿಗೆ ಬಾಚಣಿಗೆಯ ಹಾಗೆ ಹಲ್ಲಿರುವ ತಲೆ ವಾಸಿ. ಹಲ್ಲುಗಳ ನಡುವೆ ಕೂದಲು, ನೊರೆ ಎರಡೂ ಹಾದುಹೋಗುತ್ತವೆ. ಹೊಸದು ಕೊಳ್ಳುವುದು ಬೇಡವೆಂದರೆ ಮೊದಲು ಕತ್ತರಿಯಿಂದಲೋ ಟ್ರಿಮ್ಮರಿನಿಂದಲೋ ಒಂದೆರಡು ಮಿಲಿಮೀಟರಿಗೆ ಇಳಿಸಿಕೊಳ್ಳಿ.

ಪ್ರ: ನಮ್ಮದು ಅಘನಾಶಿನಿಯ ಅಳಿವೆಗೆ ಹತ್ತಿರದ ಮನೆ. ಮಳೆಗಾಲದಲ್ಲಿ ನೊರೆ ಉಕ್ಕುತ್ತದೆ, ಏಪ್ರಿಲ್-ಮೇ ಬಂದರೆ ಅದೇ ಕ್ರೀಮು, ಅದೇ ಬ್ರಷ್ಷು, ನೊರೆಯೇ ಬರುವುದಿಲ್ಲ. ಕ್ರೀಮು ಹಾಳಾಗಿದೆಯೇ?
(ಕುಮಟಾ ತಾಲೂಕು)

ಉ: ಹಾಳಾದದ್ದು ಕ್ರೀಮಲ್ಲ, ಬಾವಿಯ ನೀರು. ನಮ್ಮ ಕರಾವಳಿಯ ಚಿರೇಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ಸಾಬೂನಿಗೆ ಹೇಳಿ ಮಾಡಿಸಿದ್ದು. ಬೇಸಿಗೆಯಲ್ಲಿ ಸಿಹಿನೀರಿನ ಮಟ್ಟ ಇಳಿದಾಗ ಅಳಿವೆಯ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ. ಉಪ್ಪು ಸಾಬೂನನ್ನು ಕರಗಲು ಬಿಡುವುದಿಲ್ಲ, ಜೊತೆಗೆ ಬಂದ ಕ್ಯಾಲ್ಸಿಯಂ, ಮೆಗ್ನೀಶಿಯಂ ಅದನ್ನು ಹಿಡಿದು ಬೂದು ಕಿಟ್ಟವಾಗಿಸುತ್ತವೆ. ನಾಲಿಗೆಗೆ ಉಪ್ಪು ಗೊತ್ತಾಗದಿದ್ದರೂ ನೊರೆಗೆ ಗೊತ್ತಾಗುತ್ತದೆ.

ಪರೀಕ್ಷೆ ಸುಲಭ. ಒಂದು ಬಾಟಲಿಯಲ್ಲಿ ಕಾಲು ಭಾಗ ಬಾವಿ ನೀರು, ಇನ್ನೊಂದರಲ್ಲಿ ಅಷ್ಟೇ ಮಳೆನೀರು ಅಥವಾ ಶುದ್ಧೀಕರಿಸಿದ ಕುಡಿಯುವ ನೀರು ಹಾಕಿ. ಎರಡಕ್ಕೂ ಒಂದೇ ಅಳತೆಯ ಸಾಬೂನು ತುರಿ ಹಾಕಿ ಹತ್ತು ಸಲ ಕುಲುಕಿ. ಒಂದರಲ್ಲಿ ನೊರೆ ನಿಂತು ಇನ್ನೊಂದರಲ್ಲಿ ಹಾಲಿನಂಥ ನೀರು, ಮೇಲೊಂದು ಕೆನೆ ಉಳಿದರೆ ಕಾರಣ ಸಿಕ್ಕಿತು.

ಕುದಿಸಿದರೆ ಉಪ್ಪು ಹೋಗುವುದಿಲ್ಲ, ಹಾಗಾಗಿ ಕಾಯಿಸಿ ತಣಿಸುವ ಶ್ರಮ ಬೇಡ. ನೊರೆ ಎಬ್ಬಿಸಲು ಮತ್ತು ಕೊನೆಯಲ್ಲಿ ಮುಖ ತೊಳೆಯಲು ಒಟ್ಟು 300 ಮಿಲಿಲೀಟರ್ ಸಿಹಿನೀರು ಸಾಕು. ಒಂದು ತಂಬಿಗೆ ಬೇರೆಯಾಗಿ ಇಟ್ಟುಕೊಳ್ಳಿ, ರೇಜರು ಅದ್ದಲು ಬಾವಿ ನೀರೇ ಆದೀತು. ಆದರೆ ಶೇವ್ ಮುಗಿದ ಮೇಲೆ ರೇಜರನ್ನು ಅದೇ ಸಿಹಿನೀರಿನಲ್ಲಿ ಒಮ್ಮೆ ಜಾಲಿಸದೆ ಎತ್ತಿಡಬೇಡಿ.

ನೊರೆಯ ಹದ ಗೊತ್ತಿಲ್ಲ ಎಂದವರಿಗೂ ಇಲ್ಲೇ ಹೇಳುತ್ತೇವೆ. ಒಂದು ಬಾದಾಮಿಯಷ್ಟು ಕ್ರೀಮು, ನೀರು ಜಾಡಿಸಿದ ಬ್ರಷ್ಷು. ಬಟ್ಟಲಲ್ಲಿ ಅರ್ಧ ನಿಮಿಷ ತಿರುಗಿಸಿ, ಆಮೇಲೆ ಬೆರಳ ತುದಿಯಿಂದ ಮೂರು ನಾಲ್ಕು ಹನಿ ನೀರು, ಮತ್ತೆ ತಿರುಗಿಸಿ. ಹೀಗೆ ನಾಲ್ಕೈದು ಸಲ. ಗಡಿಗೆಯ ಗಟ್ಟಿ ಮೊಸರಿನ ಹಾಗೆ ಹೊಳಪಿರಬೇಕು, ಗುಳ್ಳೆ ಕಣ್ಣಿಗೆ ಕಾಣಬಾರದು. ದೊಡ್ಡ ಗುಳ್ಳೆ ಇದ್ದರೆ ನೀರು ಹೆಚ್ಚಾಗಿದೆ ಅಥವಾ ತಿರುಗಿಸಿದ್ದು ಸಾಲದು. ಮುಖದ ಮೇಲೆ ಎರಡು ನಿಮಿಷದಲ್ಲಿ ಒಣಗಿ ಬೆಳ್ಳಗೆ ಬಿರಿದರೆ ನೀರು ಕಡಿಮೆ. ಹೊಸಬರಲ್ಲಿ ಹತ್ತಕ್ಕೆ ಎಂಟು ಜನ ನೀರು ಕಡಿಮೆ ಹಾಕುವವರೇ ಎಂದು ನಮ್ಮ ಅಂದಾಜು. ಡಬ್ಬಿಯ ಗಟ್ಟಿ ಸಾಬೂನಾದರೆ ಬ್ರಷ್ಷನ್ನು ಅದರ ಮೇಲೆ ಇಪ್ಪತ್ತು ಮೂವತ್ತು ಸೆಕೆಂಡು ಉಜ್ಜಿ ತುಂಬಿಕೊಂಡು ಹೀಗೇ ಮುಂದುವರಿಸಿ.

ಪ್ರ: ಕೊಂಡು ಎರಡು ವರ್ಷವಾಗಿಲ್ಲ, ಥಳಥಳ ಹೊಳೆಯುತ್ತಿದ್ದ ರೇಜರಿನ ತಿರುಪಿನ ಬುಡದಲ್ಲಿ ಬಿಳಿ ಪುಡಿ, ತಟ್ಟೆಯ ಅಂಚಿನಲ್ಲಿ ಲೇಪ ಗುಳ್ಳೆ ಎದ್ದಿದೆ. ಸಮುದ್ರದಿಂದ ಮನೆಗೆ ಕೂಗಳತೆ. ಯಾವ ಲೋಹದ್ದು ಕೊಂಡರೆ ಬಾಳಿಕೆ?
(ಕಾರವಾರ ಮತ್ತು ಹೊನ್ನಾವರದ ಓದುಗರು)

ಉ: ನಿಮ್ಮದು ಜಮಾಕ್, ಅಂದರೆ ಸತುವಿನ ಮಿಶ್ರಲೋಹದ ಎರಕದ ಮೇಲೆ ಕ್ರೋಮಿಯಂ ಲೇಪ. ಕಡಿಮೆ ಮತ್ತು ಮಧ್ಯಮ ಬೆಲೆಯ ರೇಜರುಗಳ ತಲೆ ಹೆಚ್ಚಾಗಿ ಇದೇ. ಲೇಪ ಸರಿಯಿರುವವರೆಗೆ ಏನೂ ಆಗುವುದಿಲ್ಲ. ಎಲ್ಲಾದರೂ ಗೀಚು ಬಿದ್ದು ಉಪ್ಪಿನ ತೇವ ಒಳಗಿಳಿಯಿತೋ, ಸತು ಕೊರೆದು ಬಿಳಿ ಪುಡಿಯಾಗಿ ಲೇಪವನ್ನು ಕೆಳಗಿನಿಂದ ಎತ್ತುತ್ತದೆ. ಹಿಡಿಕೆ ಹಿತ್ತಾಳೆಯದಾಗಿ ತಲೆ ಸತುವಿನದಾಗಿದ್ದರೆ ಇನ್ನೂ ಬೇಗ. ಎರಡು ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಸೋಲುವುದು ಸತುವೇ, ಅದಕ್ಕೇ ತಿರುಪಿನ ಬುಡದಲ್ಲಿ ಶುರುವಾಗಿದೆ. ಅಲ್ಲಿ ಕೊರೆದ ರೇಜರನ್ನು ಬಿಗಿಯಾಗಿ ತಿರುಗಿಸಿದರೆ ಒಂದು ದಿನ ತಿರುಪು ತುಂಡಾಗಿ ಹಿಡಿಕೆಯೊಳಗೇ ಉಳಿಯುತ್ತದೆ. ಮತ್ತೆ ಲೇಪ ಹಾಕಿಸುವುದು ದಂಡ, ತಲೆ ಬದಲಿಸಿ. ಹೆಚ್ಚಿನ ಮೂರು ತುಂಡಿನ ರೇಜರುಗಳ ತಿರುಪಿನ ಅಳತೆ ಒಂದೇ ಇರುವುದರಿಂದ ಹಳೆಯ ಹಿಡಿಕೆಗೆ ಬೇರೆ ತಲೆ ಕೂರುವ ಸಂಭವ ಹೆಚ್ಚು. ಕೊಳ್ಳುವ ಮೊದಲು ತಿರುಗಿಸಿ ನೋಡಿ.

ಸಮುದ್ರದಂಚಿನವರಿಗೆ ನಮ್ಮ ಆಯ್ಕೆ 316 ದರ್ಜೆಯ ಸ್ಟೀಲು. ಅದರಲ್ಲಿ ಎರಡು ಮೂರು ಶೇಕಡಾ ಮಾಲಿಬ್ಡಿನಂ ಇದ್ದು ಉಪ್ಪು ಕೊರೆಯುವುದನ್ನು ತಡೆಯುತ್ತದೆ. ಪಾತ್ರೆಯ 304 ಸ್ಟೀಲಿನಲ್ಲಿ ಅದು ಇಲ್ಲ, ಉಪ್ಪುಗಾಳಿಗೆ ಚಹಾದ ಬಣ್ಣದ ಕಲೆ ಬೀಳುತ್ತದೆ. ರೇಜರು ಹಾಳಾಗಲಾರದು, ನೋಟ ಕೆಡುತ್ತದೆ. ಹಿತ್ತಾಳೆಯದೂ ಒಳ್ಳೆಯದೇ, ಬಣ್ಣ ಮಾಸಿದರೂ ಕೊರೆಯುವುದಿಲ್ಲ. ಅಲ್ಯೂಮಿನಿಯಂ ಹಗುರ, ಆದರೆ ಉಪ್ಪು ಮತ್ತು ಸಾಬೂನಿನ ಕ್ಷಾರ ಎರಡೂ ಅದಕ್ಕೆ ಆಗಿಬರುವುದಿಲ್ಲ. 316ರ ಬೆಲೆ ಜಮಾಕ್‌ಗಿಂತ ಹಲವು ಪಟ್ಟು, ಅಷ್ಟು ಸುರಿಯಲು ಮನಸ್ಸಿಲ್ಲದವರು ಜಮಾಕನ್ನೇ ಒಣಗಿಸಿಟ್ಟುಕೊಂಡು ಹತ್ತು ವರ್ಷ ಬಳಸಬಹುದು.

ಒಣಗಿಸುವುದೇ ಇಲ್ಲಿ ಕೆಲಸ. ಶೇವ್ ಆದ ಮೇಲೆ ಹಿಡಿಕೆ ಅರ್ಧ ಸುತ್ತು ಸಡಿಲಿಸಿ, ಸಿಹಿನೀರು ಹಾಯಿಸಿ, ಜಾಡಿಸಿ, ಹಾಗೇ ಸಡಿಲವಾಗಿ ನಿಲ್ಲಿಸಿ. ಬಚ್ಚಲೊಳಗೆ ಇಡಬೇಡಿ. ವಾರಕ್ಕೊಮ್ಮೆ ಮೂರೂ ತುಂಡು ಬಿಚ್ಚಿ ಒರೆಸಿ. ಬ್ಲೇಡಿನ ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 13 ಶೇಕಡಾ ಮಾತ್ರ, ಪಾತ್ರೆಯ ಸ್ಟೀಲಿಗಿಂತ ಕಡಿಮೆ. ಹಾಗಾಗಿ ಸ್ಟೇನ್‌ಲೆಸ್ ಎಂದು ಬರೆದಿದ್ದರೂ ಆಷಾಢದಲ್ಲಿ ಮೂರು ದಿನಕ್ಕೆ ತೂತಿನ ಸುತ್ತ ಕೆಂಪಾಗುವುದುಂಟು. ಕಾರ್ಬನ್ ಸ್ಟೀಲ್ ಬ್ಲೇಡಾದರೆ ಒಂದೇ ರಾತ್ರಿ ಸಾಕು, ಕರಾವಳಿಯವರು ಅದರ ತಂಟೆಗೆ ಹೋಗದಿರುವುದು ಲೇಸು. ಬ್ಲೇಡಿನ ಪಾಕೀಟುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೂ ಕೆಂಪು ಕಲೆ ಬೀಳುತ್ತದೆ. ಉಗುರಿನಿಂದ ಕೆರೆದರೆ ಹೋಗುವಂಥದ್ದು ನೀರಿನದು, ಹೋಗದೆ ಗುಳಿ ಉಳಿದರೆ ತುಕ್ಕು.

ಪ್ರ: ಅಜ್ಜನ ಕಾಲದ ರೇಜರು ಅಟ್ಟದ ಮೇಲೆ ಸಿಕ್ಕಿದೆ. ಹಿಡಿಕೆಯ ತುದಿ ತಿರುಗಿಸಿದರೆ ಮೇಲಿನ ಎರಡು ಬಾಗಿಲು ತೆರೆಯಬೇಕು, ತೆರೆಯುತ್ತಿಲ್ಲ. ಹುಣಸೆಹುಳಿ ಹಚ್ಚಿ ತಿಕ್ಕಲೇ?
(ಯಲ್ಲಾಪುರ)

ಉ: ಹುಣಸೆಹುಳಿ ಬೇಡ! ದೇವರ ದೀಪಕ್ಕೆ ಸರಿ, ಲೇಪದ ರೇಜರಿಗೆ ಅಲ್ಲ. ಹುಳಿ ಲೇಪದ ಬಿರುಕಿನೊಳಗಿಳಿದು ಕೆಳಗಿನ ಲೋಹ ತಿನ್ನುತ್ತದೆ. ವಿನೆಗರು, ಲಿಂಬೆಯೂ ಅಷ್ಟೇ. ತೆರೆಯದಿರಲು ಕಾರಣ ಹಲವು ವರ್ಷದ ಸಾಬೂನಿನ ಕಿಟ್ಟ ಗಟ್ಟಿಯಾಗಿರುವುದು. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ ಹದಿನೈದು ನಿಮಿಷ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿನ ಸಂದು ತಿಕ್ಕಿ, ತಿರುಗಿಸಿ ನೋಡಿ. ಬರದಿದ್ದರೆ ಮತ್ತೆ ನೆನೆಸಿ. ಇಕ್ಕಳ ಹಾಕಿದರೆ ಒಳಗಿನ ಸಪೂರ ಸರಳು ತಿರುಚಿಹೋಗುತ್ತದೆ, ಅದಕ್ಕೆ ರಿಪೇರಿ ಇಲ್ಲ. ತೆರೆದ ಮೇಲೆ ತುದಿಯ ಗುಂಡಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಬಾಗಿಲು ಮುಚ್ಚಿದಾಗ ಎರಡೂ ಸಮನಾಗಿ ಕೂರದಿದ್ದರೆ ಬಳಸಬೇಡಿ.

ಬ್ಲೇಡು ಸಿಗುತ್ತದೆಯೇ ಎಂಬ ಚಿಂತೆ ಬೇಡ. ಕಿಂಗ್ ಜಿಲೆಟ್ ಎಂಬವರು ಎರಡು ಅಂಚಿನ ಬ್ಲೇಡಿನ ರೇಜರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಮೇಲೆ ಬ್ಲೇಡಿನ ನಡುವಿನ ತೂತು ಒಂದೆರಡು ಸಲ ರೂಪ ಬದಲಿಸಿತು. ಆದರೆ ಬಾಗಿಲು ತೆರೆಯುವ ರೇಜರುಗಳಿಗೆ ಇಂದಿನ ಮಾಮೂಲಿ ಬ್ಲೇಡೇ ಆಗುತ್ತದೆ.

ಪ್ರ: ಬ್ರಷ್ಷು ಪ್ರಾಣಿಯ ಕೂದಲಿನದು ಎಂದು ಕೇಳಿದೆ. ಪೂಜೆ ಮಾಡುವವರು ಬಳಸಬಹುದಾದದ್ದು ಇದೆಯೇ? ಮಳೆಗಾಲದಲ್ಲಿ ಮುಗ್ಗಲು ವಾಸನೆ ಬೇರೆ.
(ಸಿದ್ದಾಪುರ)

ಉ: ಎರಡಕ್ಕೂ ಉತ್ತರ ಒಂದೇ, ಸಿಂಥೆಟಿಕ್ ಬ್ರಷ್ಷು. ಅಂಗಡಿಯ ಬ್ರಷ್ಷುಗಳಲ್ಲಿ ಹಂದಿಯ ಕೂದಲು, ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು, ಕುದುರೆ ಕೂದಲು ಮೂರೂ ಬರುತ್ತವೆ. "ನ್ಯಾಚುರಲ್" ಎಂದು ಬರೆದಿದ್ದರೆ ಪ್ರಾಣಿಯದೆಂದೇ ತಿಳಿಯಿರಿ. ಸಿಂಥೆಟಿಕ್ ಎಳೆ ನೀರು ಹೀರುವುದಿಲ್ಲ, ನೆನೆಸಿಡುವುದೂ ಬೇಡ, ಪ್ರಾಣಿಯ ಕೂದಲಿಗಿಂತ ಬಹಳ ಬೇಗ ಒಣಗುತ್ತದೆ. ಗಂಟಿನ ಬುಡದ ಅಗಲ 22ರಿಂದ 24 ಮಿಲಿಮೀಟರು ಇರಲಿ. ಸಾಬೂನಿನ ಮೇಲೂ ಕಣ್ಣಿಡಿ: ಪಟ್ಟಿಯಲ್ಲಿ "ಸೋಡಿಯಂ ಟ್ಯಾಲೊವೇಟ್" ಎಂದಿದ್ದರೆ ಅದು ಪ್ರಾಣಿಯ ಕೊಬ್ಬು, "ಪಾಮೇಟ್", "ಕೋಕೋಯೇಟ್" ಎಂದಿದ್ದರೆ ತಾಳೆ ಮತ್ತು ತೆಂಗು. "ಸ್ಟಿಯರಿಕ್ ಆ್ಯಸಿಡ್" ಎರಡು ಮೂಲದಿಂದಲೂ ಬರುತ್ತದೆ, ಹಸಿರು ಚುಕ್ಕೆ ಇದೆಯೇ ನೋಡಿ.

ಮುಗ್ಗಲು ಬರುವುದು ಬುಡದಲ್ಲಿ ಉಳಿದ ಸಾಬೂನು ಮತ್ತು ತೇವದಿಂದ. ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಹಿಂಡಿ, ಟವೆಲಿನ ಮೇಲೆ ಆಚೀಚೆ ಸವರಿ, ಗಾಳಿಯಾಡುವಲ್ಲಿ ಇಡಿ. ಒದ್ದೆ ಬ್ರಷ್ಷನ್ನು ಡಬ್ಬಿಗೆ ಹಾಕಿ ಮುಚ್ಚಬೇಡಿ. ಸಂತೆಯಲ್ಲಿ ಸಿಗುವ ಹಳೇ ಕುದುರೆಕೂದಲ ಬ್ರಷ್ಷು ಚೆಂದ ಕಂಡರೂ ಮುಖಕ್ಕೆ ಹಚ್ಚಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಅಂಥ ಬ್ರಷ್ಷುಗಳಿಂದ ಬ್ರಿಟನ್, ಅಮೆರಿಕಗಳಲ್ಲಿ ಆಂಥ್ರಾಕ್ಸ್ ತಗಲಿದ್ದು ದಾಖಲಾಗಿದೆ.

ಪ್ರ: ಶೇವ್‌ಗೆ ಮೊದಲು ತೆಂಗಿನೆಣ್ಣೆ, ಆಮೇಲೆ ಮುರುಗಲ ತುಪ್ಪ (ಕೋಕಂ ಬೀಜದ ಕೊಬ್ಬು) ಹಚ್ಚಬಹುದೇ?
(ಗೋಕರ್ಣ)

ಉ: ತೆಂಗಿನೆಣ್ಣೆ ಮೂರು ನಾಲ್ಕು ಹನಿ, ಒದ್ದೆ ಗಡ್ಡಕ್ಕೆ. ಹೆಚ್ಚಾದರೆ ನೊರೆ ಸಾಯುತ್ತದೆ, ಕೂದಲಿಗೆ ನೀರು ಇಳಿಯುವುದಿಲ್ಲ. ಮುರುಗಲ ತುಪ್ಪ ಶೇವ್ ಆದ ಮೇಲೆ ಚೆನ್ನ. ಮೈಬಿಸಿಗಿಂತ ತುಸು ಹೆಚ್ಚಿನ ಶಾಖಕ್ಕೆ ಕರಗುವಂಥದ್ದು, ಅಂಗೈಯಲ್ಲಿ ತಿಕ್ಕಿದರೆ ಮೆತ್ತಗಾಗುತ್ತದೆ. ಮುಖವೆಲ್ಲ ಸೇರಿ ಒಂದು ಮೆಣಸಿನಕಾಳಿನಷ್ಟು ಸಾಕು. ಮೊಡವೆ ಇರುವವರಿಗೆ ತೆಂಗಿನೆಣ್ಣೆ ಬೇಡ, ರಂಧ್ರ ಕಟ್ಟಿಕೊಂಡು ಮೊಡವೆ ಹೆಚ್ಚೀತು.

ಪಟಿಕದ ಕಲ್ಲಿನ ಬಗ್ಗೆಯೂ ಕೇಳಿದ್ದೀರಿ. ತಣ್ಣೀರಿನಲ್ಲಿ ಮುಖ ತೊಳೆದು ಕಲ್ಲನ್ನು ಒದ್ದೆ ಮಾಡಿ ಸವರಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಸಣ್ಣ ಗಾಯದ ರಕ್ತ ನಿಲ್ಲುತ್ತದೆ. ಎಲ್ಲಿ ಚುರುಚುರು ಎನ್ನುತ್ತದೋ ಅಲ್ಲಿ ಒತ್ತಿದ್ದೀರಿ ಎಂದು ಅರ್ಥ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಸೇಫ್ಟಿ ರೇಜರಿಗೆ ಬರುವ ಮೊದಲು ತಮ್ಮ ಡಾಕ್ಟರನ್ನು ಕೇಳಲಿ.

ಪ್ರ: ಗುಂಗುರು ಗಡ್ಡ. ಶೇವ್ ಮಾಡಿದ ಎರಡನೆಯ ದಿನ ಕುತ್ತಿಗೆಯಲ್ಲಿ ಗುಳ್ಳೆ, ಒಳಗೆ ಕೂದಲು ಸುತ್ತಿಕೊಂಡಿರುತ್ತದೆ.
(ಹಳಿಯಾಳ)

ಉ: ಹೆಚ್ಚು ಬ್ಲೇಡಿನ ಕಾರ್ಟ್ರಿಜ್ ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಬಹುದು. ಗುಂಗುರು ಕೂದಲು ಹೊರಬರುವ ಬದಲು ಒಳಗೇ ಬಾಗಿ ಚುಚ್ಚುತ್ತದೆ. ಒಂದೇ ಅಂಚಿನ ಶೇವ್ ನಿಮಗೆ ಸಹಾಯ ಮಾಡೀತು, ಆದರೆ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬಾರದು, ಬೆಳೆದ ದಿಕ್ಕಿನ ಒಂದೇ ಸುತ್ತಿಗೆ ನಿಲ್ಲಿಸಬೇಕು. ನುಣ್ಣಗೆ ಬೇಕೆಂಬ ಆಸೆ ಬಿಡಿ. ಚಿಮಟದಿಂದ ಕೀಳಬೇಡಿ, ಕೀವು ಬಂದರೆ ಗುಣವಾಗುವವರೆಗೆ ಗಡ್ಡ ಬಿಟ್ಟು ಚರ್ಮವೈದ್ಯರಿಗೆ ತೋರಿಸಿ.

ಪ್ರ: ಅಪ್ಪ, ಮಗ ಇಬ್ಬರಿಗೂ ಒಂದೇ ರೇಜರು, ಬ್ಲೇಡು ಮಾತ್ರ ಬೇರೆ ಬೇರೆ. ನಡೆದೀತೇ?
(ಕುಮಟಾ)

ಉ: ಬೇಡ. ಕಣ್ಣಿಗೆ ಕಾಣದಷ್ಟು ರಕ್ತ ತಟ್ಟೆಯ ಕೆಳಗಿನ ಸಾಬೂನಿನ ಕಿಟ್ಟದಲ್ಲಿ ಉಳಿಯುತ್ತದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಮಗನಿಗೊಂದು ಬೇರೆ ರೇಜರು ಕೊಡಿಸಿ.

ಪ್ರ: ಊರಿನಿಂದ ದುಬೈಗೆ ಹೋಗುವಾಗ ಕೈಚೀಲದಲ್ಲಿ ಒಯ್ಯಬಹುದೇ?
(ಭಟ್ಕಳ)

ಉ: ಬ್ಲೇಡು ಕ್ಯಾಬಿನ್ ಚೀಲದಲ್ಲಿ ಸಾಗದು, ಮಂಗಳೂರೇ ಇರಲಿ, ಗೋವೆಯೇ ಇರಲಿ. ರೇಜರು, ಬ್ಲೇಡು ಎರಡನ್ನೂ ಚೆಕ್-ಇನ್ ಲಗೇಜಿಗೆ ಹಾಕಿ. ರೇಜರೊಳಗೆ ಬ್ಲೇಡು ಬಿಟ್ಟು ಪ್ಯಾಕ್ ಮಾಡಬೇಡಿ, ಲಗೇಜು ತೆರೆಯುವವರ ಕೈ ಕುಯ್ದೀತು.

ಪ್ರ: ಹಳೇ ಬ್ಲೇಡು ಏನು ಮಾಡುವುದು? ಇಲ್ಲಿಯವರೆಗೆ ತೆಂಗಿನ ಬುಡಕ್ಕೆ ಹುಗಿಯುತ್ತಿದ್ದೆವು.
(ಹೊನ್ನಾವರ)

ಉ: ಬುಡ ಬಿಡಿಸುವವರ ಕೈಗೆ, ಕಾಲಿಗೆ ಅದೇ ಬ್ಲೇಡು ಸಿಗುತ್ತದೆ. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಬೆರಳಿಗೆ, ಕಸ ಮೇಯುವ ದನದ ಬಾಯಿಗೆ. ಒಂದು ತಗಡಿನ ಡಬ್ಬ ತೆಗೆದುಕೊಂಡು ಮುಚ್ಚಳವನ್ನು ಎಂ-ಸೀಲ್ ಹಾಕಿ ಶಾಶ್ವತವಾಗಿ ಕೂರಿಸಿ, ಬದಿಯಲ್ಲಿ 25 ಮಿಲಿಮೀಟರು ಉದ್ದ, ಎರಡು ಮಿಲಿಮೀಟರು ಅಗಲದ ಸೀಳು ಮಾಡಿ. ಬ್ಲೇಡಿನ ಅಗಲ 22 ಮಿಲಿಮೀಟರು, ಗಿಡ್ಡ ತುದಿಯಿಂದ ತೂರಿಸಿದರೆ ಒಳಗೆ ಬೀಳುತ್ತದೆ, ಅಲುಗಿಸಿದರೂ ಸುಲಭಕ್ಕೆ ಹೊರಬರುವುದಿಲ್ಲ. ಅರ್ಧ ಕಿಲೋ ಹಾಲಿನ ಪುಡಿಯ ಡಬ್ಬ ಒಬ್ಬರಿಗೆ ವರ್ಷಗಟ್ಟಲೆ ಬರುತ್ತದೆ. ತುಂಬಿದಾಗ ಸೀಳಿಗೂ ಎಂ-ಸೀಲ್ ಮೆತ್ತಿ, ಮೇಲೆ "ಬ್ಲೇಡು" ಎಂದು ದಪ್ಪಗೆ ಬರೆದು ಕಸದ ಗಾಡಿಯವರ ಕೈಗೇ ಕೊಡಿ, ಒಣಕಸದ ಚೀಲದೊಳಗೆ ತುರುಕಬೇಡಿ.